ಆಟದ ಕರಡಿಗೆ ಬೇರೆ ಕೆಲಸವಿಲ್ಲ

೧೯೯೩ರಲ್ಲಿ ನಾನು ಓದು ಬಿಟ್ಟೆ. ಎಂಟನೇ ಕ್ಲಾಸಿನ ಅರ್ಧವರ್ಷದ ಪರೀಕ್ಷೆ ನಡೆಯುತ್ತಿತ್ತು. ಕನ್ನಡ ಬರೆದೆ, ಸಮಾಜ ಬರೆದೆ, ಗಣಿತದ ದಿನ ಹೋಗಲಿಲ್ಲ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಮನೆಯ ಕಷ್ಟ ಬಿಡಿಸಿತು, ಮೇಷ್ಟ್ರು ಹೊಡೆದರು ಎಂದೆಲ್ಲ ಕಥೆ ಕಟ್ಟುವುದಿಲ್ಲ. ನನಗೇ ಬೇಡವಾಗಿತ್ತು. ಪೆರೇಸಂದ್ರದಲ್ಲಿ ಮೋಟರ್ ರಿಪೇರಿಯ ಅಂಗಡಿಯೊಂದರಲ್ಲಿ ತಾಮ್ರದ ತಂತಿ ಸುತ್ತಲು ಕುಳಿತೆ. ಅಲ್ಲಿಂದೀಚೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಬೋರ್‌ವೆಲ್ ಮೋಟರ್ ಎತ್ತದ, ಇಳಿಸದ ಊರು ಬೆರಳೆಣಿಕೆ. ಸಾವಿರದ ಇನ್ನೂರು ಅಡಿ ಆಳದಿಂದ ಪೈಪು ಮೇಲೆ ಬರುವಾಗ ಅದರ ಸದ್ದು ಕೇಳಿಯೇ ಕೆಳಗೆ ಎಷ್ಟು ನೀರಿದೆ ಎಂದು ಹೇಳಬಲ್ಲೆ. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ. ಜಂಬವೇ.

ಇಂಥ ನನಗೆ ಹೋದ ವರ್ಷ ಒಂದು ಭಾನುವಾರ, ಊಟವಾದ ಮೇಲೆ, ಒಂದು ಟಿವಿ ಪೆಟ್ಟಿಗೆ ಕಾಡುಪ್ರಾಣಿ ಅಂದರೇನು ಎಂದು ಪಾಠ ಹೇಳಲು ಬಂತು.

ಚಿಂತಾಮಣಿಯಲ್ಲಿ ನನ್ನ ಬಾಮೈದನ ಮನೆ. ನನ್ನ ಹೆಂಡತಿಯ ತಮ್ಮ ಅವನು. ಮೂವತ್ತೆರಡು ವರ್ಷ, ಡಿಗ್ರಿ ಮಾಡಿದವನು, ಆಫೀಸಿನಲ್ಲಿ ಕುರ್ಚಿಯ ಕೆಲಸ. ಒಳ್ಳೆಯವನೇ, ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವ ರೋಗ ಒಂದೇ, ಬೇಟೆ ಆಟ. ಗೋಡೆಯಗಲದ ಟಿವಿ, ಅದಕ್ಕೊಂದು ಕಪ್ಪು ಪೆಟ್ಟಿಗೆ, ಕೈಯಲ್ಲಿ ಹಿಡಿಯಲು ಗುಂಡಿಗಳಿರುವ ಒಂದು ರಿಮೋಟು. ಆಫೀಸಿನಿಂದ ಬಂದವನು ಬೂಟು ಬಿಚ್ಚುವ ಮೊದಲೇ ಕಾಡಿಗೆ ಹೋಗುತ್ತಾನೆ, ಸೋಫಾದ ಮೇಲಿಂದ.

"ಭಾವ, ಬನ್ನಿ ಇಲ್ಲಿ. ನೀವು ನೋಡ್ಲೇಬೇಕು. ಇಡೀ ಪ್ರಪಂಚದಲ್ಲೇ ಇಷ್ಟು ರಿಯಲಿಸ್ಟಿಕ್ ಆಗಿರೋದು ಇನ್ನೊಂದಿಲ್ಲ."

ನೋಡಿದೆ. ಮಂಜು ಹೊದ್ದ ಬೆಟ್ಟ, ಸೂಜಿಯಂತೆ ನಿಂತ ಮರಗಳು, ಒಂದು ಹೊಳೆ. ಕೆಳಗೆ ಎರಡು ಕೈ, ಕೈಯಲ್ಲಿ ಬಂದೂಕು.

"ಮನುಷ್ಯ ಎಲ್ಲೋ?"

"ಆ ಕೈ ನಿಮ್ದೇ ಭಾವ. ಮನುಷ್ಯ ನೀವೇ."

"ನನ್ ಕೈ ಇಷ್ಟು ಬೆಳ್ಳಗಿಲ್ವಲ್ಲೋ."

ನೆಲದ ಮೇಲೆ ಪ್ರಾಣಿಯ ಹೆಜ್ಜೆಗಳು ನೀಲಿಯಾಗಿ ಹೊಳೆಯುತ್ತಿದ್ದವು. ಅವನ್ನು ಹಿಡಿದು ಹೋದರೆ ಕರಡಿ ಸಿಗುತ್ತದಂತೆ. "ಕರಡಿ ಕಾಲಿಗೆ ಸೀರಿಯಲ್ ಸೆಟ್ ಕಟ್ಟಿ ಬಿಟ್ಟವ್ರಾ?" ಎಂದೆ. ಅವನಿಗೆ ನಗು ಬರಲಿಲ್ಲ. ಒಂದು ನಕ್ಷೆ ತೆಗೆದು ತೋರಿಸಿದ. ಯಾವ ಕೆರೆಯಲ್ಲಿ ಯಾವ ಪ್ರಾಣಿ ಎಷ್ಟು ಹೊತ್ತಿಗೆ ನೀರು ಕುಡಿಯುತ್ತದೆ ಎಂದು ಅದರಲ್ಲಿ ಬರೆದಿತ್ತು. ಕರಡಿ ಹತ್ತರಿಂದ ಹನ್ನೆರಡು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕರೆಂಟು ಕೊಡುವವನಿಗೇ ಗೊತ್ತಿರುವುದಿಲ್ಲ. ಅಲ್ಲಿ ಕರಡಿಗೆ ಟೈಮ್ ಟೇಬಲ್ ಉಂಟು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಪ್ರಾಣಿಗಳು ಮೇಲೆ ಬೀಳುವುದು ಎಷ್ಟಿರಬೇಕು ಎಂದು ಆಡುವವನೇ ಇಟ್ಟುಕೊಳ್ಳಬಹುದು: ಕಡಿಮೆ, ಸಾಧಾರಣ, ಜಾಸ್ತಿ. ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ.

"ನಾನು ಜಾಸ್ತಿಯಲ್ಲೇ ಇಟ್ಕೊಂಡು ಆಡೋದು ಭಾವ," ಅಂದ, ಎದೆ ಸ್ವಲ್ಪ ಮುಂದೆ ಮಾಡಿ.

ಈ ಆಟ ಆಡುವವರು ಜಗತ್ತಿನ ತುಂಬ ಇದ್ದಾರಂತೆ, ಅವರೆಲ್ಲ ಫೋನಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರಂತೆ. ಅದನ್ನೂ ಓದಿ ಕನ್ನಡದಲ್ಲಿ ಹೇಳಿದ. ಕರಡಿ ಮೇಲೆ ಬೀಳುವುದು ಹೆಚ್ಚಾಯಿತು ಎಂದು ಒಬ್ಬನ ದೂರು, ಕಡಿಮೆಯಾಯಿತು ಎಂದು ಇನ್ನೊಬ್ಬನದು. ಮೂರನೆಯವನೊಬ್ಬ ಬರೆದಿದ್ದ: ಕರಡಿ ಪೊದೆಯೊಳಗಿಂದ ಬಂತು, ಸದ್ದೇ ಮಾಡಲಿಲ್ಲ, ಬಂದೂಕು ಎತ್ತಲು ಸಮಯ ಕೊಡಲಿಲ್ಲ, ಇದು ಆಟದ ದೋಷ, ಬೇಗ ಸರಿಪಡಿಸಿ. ಆ ಇಡೀ ಪೆಟ್ಟಿಗೆಯಲ್ಲಿ ಸರಿಯಾಗಿದ್ದದ್ದು ಅದೊಂದೇ. ಅದನ್ನು ಸರಿಪಡಿಸಬೇಕಂತೆ!

ಆಮೇಲೆ ಕರಡಿ ಬಂತು. ಚೆನ್ನಾಗಿಯೇ ಮಾಡಿದ್ದರು, ಕೂದಲು ಕೂದಲೂ ಗಾಳಿಗೆ ಅಲ್ಲಾಡುತ್ತಿತ್ತು. ಹಿಂಗಾಲ ಮೇಲೆ ಎದ್ದು ನಿಂತಿತು, ಬಾಯಿ ಅಗಲಿಸಿ ಕೂಗಿತು, ಕೆಳಗಿಳಿಯಿತು, ಬಯಲಿನ ಆ ತುದಿಯಿಂದ ನೇರವಾಗಿ ಓಡಿ ಬಂತು. ಬಾಮೈದ ಪಾಠ ಹೇಳತೊಡಗಿದ.

"ನೋಡಿ, ಮೊದ್ಲು ಎದ್ದು ನಿಲ್ಲುತ್ತೆ. ಕೂಗುತ್ತೆ. ಅದು ವಾರ್ನಿಂಗು. ಆಮೇಲೆ ನಿಮಗೆ ಏಳೆಂಟು ಸೆಕೆಂಡು ಸಿಗುತ್ತೆ. ಓಡ್ಬಾರ್ದು, ನಿಂತ್ಕೊಂಡು ಗುರಿ ಇಡ್ಬೇಕು. ಅಷ್ಟೇ ಟೆಕ್ನಿಕ್ಕು."

ಢಂ ಎಂದಿತು. ಕರಡಿ ಬಿತ್ತು. ಗುಂಡು ಶ್ವಾಸಕೋಶಕ್ಕೆ ತಗುಲಿದೆ ಎಂದು ಪರದೆಯ ಮೇಲೆ ವರದಿ ಬಂತು.

ನನ್ನ ಕೈಗೂ ರಿಮೋಟು ಕೊಟ್ಟ. ನನ್ನ ಎಡಗೈಯಲ್ಲಿ ಇರುವುದು ಮೂರು ಬೆರಳು. ಅದಕ್ಕೆ ಆ ಗುಂಡಿಗಳು ನಿಲುಕಲಿಲ್ಲ. ಕರಡಿ ಬಂತು, ಪರದೆ ಕೆಂಪಾಯಿತು.

"ಅಯ್ಯೋ, ಅಣ್ಣ ಸತ್ತೋದ್ರು!" ಎಂದು ಬಾಮೈದನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು.

"ಸತ್ತಿದ್ರೆ ಎದ್ದು ಬನ್ರೀ, ಕಾಫಿ ಆರೋಗ್ತದೆ," ಎಂದಳು ನನ್ನ ಹೆಂಡತಿ ಒಳಗಿನಿಂದ.

ಬಾಮೈದ ಒಂದು ಗುಂಡಿ ಒತ್ತಿದ. ಕೆಂಪು ಹೋಯಿತು, ಗಾಯ ಮಾಯವಾಯಿತು, ಬಿಳಿ ಕೈಗಳೆರಡೂ ಹತ್ತು ಬೆರಳಿನ ಸಮೇತ ಮತ್ತೆ ಬಂದೂಕು ಹಿಡಿದವು.

ನನ್ನ ಎರಡು ಬೆರಳು ಹೋದದ್ದು ಕರಡಿಯಿಂದಲೇ. ಅದು ಹನ್ನೊಂದು ವರ್ಷದ ಹಿಂದಿನ ಮಾತು, ಗೌರಿಬಿದನೂರಿನ ಆಚೆ, ಆಂಧ್ರದ ಗಡಿ ಪಕ್ಕದ ಊರಿನಲ್ಲಿ. ಅಲ್ಲಿ ಮನೆಯೊಳಗೆ ತೆಲುಗು, ಕಚೇರಿಗೆ ಕನ್ನಡ. ನನಗೆ ಬರುವುದು ಸಂತೆಯ ತೆಲುಗು, ಮೋಟರಿನ ಮಾತಿಗೆ ಅದು ಸಾಕು. ಬೆಳಿಗ್ಗೆ ಎಂಟು ಗಂಟೆ. ಹೊಲದ ಮೋಟರ್ ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ಕರೆದಿದ್ದರು. ಹೊಲದ ಮೂಲೆಯಲ್ಲಿ ತಗಡಿನ ಬಾಗಿಲಿನ ಚಿಕ್ಕ ಮೋಟರ್ ಮನೆ. ನಾನು ಅದರ ಹತ್ತಿರ ಹೋಗುತ್ತಿದ್ದ ಹಾಗೆ, ಕಡಲೆಕಾಯಿ ಗಿಡಗಳ ಆಚೆ ಬದುವಿನಿಂದ ಹೊಲದ ಅಜ್ಜಿ ಕೂಗಿಕೊಂಡಳು. ಬಾಯಿ ತುಂಬ ಎಲೆ ಅಡಿಕೆ.

"ನಾಯನಾ! ಲೋಪಲ ಎಲುಗುಂದಿ! ಪೋವಾಕು ನಾಯನಾ!"

ಒಳಗೆ ಕರಡಿ ಇದೆ, ಹೋಗಬೇಡಪ್ಪ. ತೆಲುಗಿನಲ್ಲಿ ಎಲುಗು ಅಂದರೆ ಕರಡಿ. ಎಲುಕ ಅಂದರೆ ಇಲಿ. ಇಲಿ ಇದೆ ಅನ್ನಬೇಕಾದರೆ ಎಲುಕುಂದಿ. ಎಲೆ ಅಡಿಕೆ ಜಗಿಯುವ ಬಾಯಿಯಿಂದ, ಗಾಳಿಗೆದುರಾಗಿ, ನೂರು ಮಾರು ದೂರದಿಂದ ಬಂದ ಮಾತಿನಲ್ಲಿ ಆ ಗಕಾರ ನನಗೆ ಕಕಾರವಾಗಿ ಕೇಳಿಸಿತು. ಕೇಳಿಸದೆ ಇನ್ನೇನು? ಟ್ರಿಪ್ ಆಗುವ ಮೋಟರಿನ ಸ್ಟಾರ್ಟರ್ ಡಬ್ಬ ತೆಗೆದರೆ ಹತ್ತರಲ್ಲಿ ಆರು ಸಲ ಇಲಿಯೇ ಇರುತ್ತದೆ, ವೈರು ಕಡಿದು ಗೂಡು ಕಟ್ಟಿಕೊಂಡು. ನನ್ನ ಕಸುಬಿಗೆ ತಕ್ಕ ಹಾಗೆ ನನ್ನ ಕಿವಿ ಕೇಳಿಸಿಕೊಂಡಿತು. ಇಲಿಗೆ ಹೆದರಿ ಹೋಗಬೇಡ ಅನ್ನುತ್ತಾಳಲ್ಲ ಈ ಮುದುಕಿ ಎಂದು ನಗು ಬಂತು. ಕಾಲಿನ ಚಪ್ಪಲಿ ಒಂದನ್ನು ಕೈಗೆ ತೆಗೆದುಕೊಂಡು ಕೂಗಿ ಹೇಳಿದೆ:

"ಪರ್ವಾಲೇದವ್ವಾ! ಚೆಪ್ಪುತೋ ಕೊಡತಾ!"

ಪರವಾಗಿಲ್ಲಮ್ಮ, ಚಪ್ಪಲಿಯಲ್ಲಿ ಹೊಡೆಯುತ್ತೇನೆ ಎಂದೆ. ಹೇಳಿ, ಎಡಗೈಯಿಂದ ತಗಡಿನ ಬಾಗಿಲು ನೂಕಿದೆ.

ಒಳಗೆ ಕತ್ತಲು. ನೆನೆದ ಗೋಣಿಚೀಲದ ವಾಸನೆ. ಕೂಗು ಬರಲಿಲ್ಲ. ಯಾವುದೂ ಎದ್ದು ನಿಲ್ಲಲಿಲ್ಲ. ನಾನು ನೋಡಿದೆ ಅನ್ನುವುದಕ್ಕೂ ಏನೂ ಇಲ್ಲ; ಬಾಗಿಲು, ನಾನು, ನೆಲ ಮೂರೂ ಒಟ್ಟಿಗೆ ಬಿದ್ದೆವು. ಎದೆಯ ಮೇಲೆ ಒಂದು ಭಾರ ಬಂತು, ಹೋಯಿತು. ಎದ್ದು ಕೂತಾಗ ಎಡಗೈಯಲ್ಲಿ ಎರಡು ಬೆರಳು ಜೋತಾಡುತ್ತಿದ್ದವು, ತಲೆಯ ಚರ್ಮ ಕಿವಿಯ ಮೇಲೆ ಇಳಿದಿತ್ತು. ಬಲಗೈಯಲ್ಲಿ ಚಪ್ಪಲಿ ಹಾಗೇ ಇತ್ತು. ಏಳೆಂಟು ಸೆಕೆಂಡು ಯಾರಿಗೆ ಕೊಟ್ಟಿತ್ತೋ, ನನಗಂತೂ ಕೊಡಲಿಲ್ಲ.

ಬೆಳಗಿನ ಜಾವ ಊರ ನಾಯಿಗಳು ಅಟ್ಟಿಸಿಕೊಂಡು ಬಂದು ಅದನ್ನು ಅಲ್ಲಿ ತುರುಕಿದ್ದವಂತೆ. ಅದಕ್ಕೆ ನನ್ನ ಮೇಲೆ ಯಾವ ಹಗೆಯೂ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಅದಕ್ಕೆ ಬಾಗಿಲು ಬೇಕಿತ್ತು. ಮುಗಿಯಿತು. ಆಟದ ಕರಡಿ ಹಾಗಲ್ಲ. ಅದು ಬಯಲಿನ ಆ ತುದಿಯಿಂದ ಈ ತುದಿಗೆ ನನ್ನೊಬ್ಬನಿಗಾಗಿಯೇ ಓಡಿಬರುತ್ತದೆ. ಗೆದ್ದಲು ಹುಡುಕುವುದಿಲ್ಲ, ನಿದ್ದೆ ಮಾಡುವುದಿಲ್ಲ, ನಾಯಿಗೆ ಹೆದರುವುದಿಲ್ಲ. ಬೇರೆ ಕೆಲಸವೇ ಇಲ್ಲ ಅದಕ್ಕೆ, ಅದನ್ನು ಆಡುವವರ ಹಾಗೆ.

ಎಂಟು ತಿಂಗಳು ನನಗೆ ಸ್ಪ್ಯಾನರ್ ಹಿಡಿಯಲಾಗಲಿಲ್ಲ. ಗುಂಡಿ ಒತ್ತುವುದು ನಮ್ಮ ಆಸ್ಪತ್ರೆಗಳಿಗೆ ಇನ್ನೂ ಬಂದಿಲ್ಲ. ಆ ಊರಿನಲ್ಲಿ ಇವತ್ತಿಗೂ ನಾನು ಕರಡಿಗೆ ಚಪ್ಪಲಿ ತೋರಿಸಿದ ಗಂಡು. ಅಜ್ಜಿ ಊರಿಗೆಲ್ಲ ಸಾರಿಬಿಟ್ಟಿದ್ದಳು: ಕರಡಿ ಇದೆ ಅಂತ ಹೇಳಿದರೂ, ಚಪ್ಪಲಿಯಲ್ಲಿ ಹೊಡೀತೀನಿ ಅಂತ ಒಳಗೆ ಹೋದ ಮಹಾನುಭಾವ! ನಾನು ಇಲಿ ಅಂದುಕೊಂಡೆ ಎಂದು ಎಷ್ಟು ಸಲ ಹೇಳಿದರೂ ಅಲ್ಲಿ ಯಾರೂ ನಂಬುವುದಿಲ್ಲ. ಮಾಡದ ಪೌರುಷ ನನಗೆ ಬೇಡ, ಮಾಡಿದ್ದೇ ಬೇಕಾದಷ್ಟಿದೆ.

ಬಾಮೈದನಿಗೆ ಈ ಕಥೆ ಹೊಸದಲ್ಲ. ಆ ಭಾನುವಾರ ಕಾಫಿ ಕುಡಿಯುತ್ತಾ ಹೇಳಿದ:

"ನಿಮ್ದು ಬ್ಯಾಡ್ ಲಕ್ಕು ಭಾವ. ಟೆಕ್ನಿಕ್ ಗೊತ್ತಿದ್ದಿದ್ರೆ ಬೆರಳು ಉಳೀತಿತ್ತು."

ಎದುರಿಗೆ ಹೆಂಡತಿ ಕೂತಿದ್ದಳು, ಆದ್ದರಿಂದ ನಾನು ಕಾಫಿ ಕುಡಿದೆ.

ಮೂರು ವಾರ ಕಳೆದಿರಬೇಕು. ಸ್ಕಂದಗಿರಿಯ ಬುಡದಲ್ಲಿ, ಕಳವಾರದ ಹತ್ತಿರ, ನಮ್ಮ ಮಾವನವರ ಎರಡು ಎಕರೆ ಇದೆ. ಅದರಲ್ಲೊಂದು ಹುಳುಮನೆ, ರೇಷ್ಮೆ ಹುಳು ಸಾಕಲು ಕಟ್ಟಿದ ಉದ್ದನೆಯ ಕೋಣೆ. ಹುಳು ಸಾಕುವುದು ಬಿಟ್ಟು ನಾಲ್ಕು ವರ್ಷ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನೆಲ್ಲ ಒಳಗೆ ರಾಶಿ ಹಾಕಿ, ಗೆದ್ದಲಿಗೆ ಬಿಟ್ಟಿದ್ದರು. ಗೆದ್ದಲು ಇದ್ದಲ್ಲಿಗೆ ಕರಡಿ ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದ ಹೊಲದವನು ನನಗೆ ಫೋನು ಮಾಡಿದ.

"ಅಣ್ಣ, ಹುಳುಮನೆ ಒಳಕ್ಕೆ ಕರಡಿ ನುಗ್ಗೈತೆ. ನಿಮ್ ಬಾಮೈದನಿಗೂ ಹೇಳಿದೀನಿ. ಇಲ್ಲೇ ಚಿಕ್ಕಬಳ್ಳಾಪುರದಾಗೆ ಅವ್ನಂತೆ, ಬತ್ತಾವ್ನೆ."

ಕನ್ನಡದಲ್ಲೇ ಹೇಳಿದ. ಆದರೂ ಇನ್ನೊಂದು ಸಲ ಕೇಳಿದೆ, ಕರಡಿಯೇ ತಾನೆ ಎಂದು.

ಬಾಮೈದ ಬರುತ್ತಾನೆ ಅಂದದ್ದೇ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಟೆ. ಏಳೆಂಟು ಸೆಕೆಂಡಿನ ಲೆಕ್ಕ ತಲೆಯಲ್ಲಿಟ್ಟುಕೊಂಡ ಮನುಷ್ಯ ಅವನು. ಹುಳುಮನೆ ಬಿದ್ದುಹೋಗಲಿ, ಕರಡಿ ಇನ್ನೊಂದು ವಾರ ಅಲ್ಲೇ ಇರಲಿ. ಅವನ ಮುಖ ಇದ್ದ ಹಾಗೇ ಚಿಂತಾಮಣಿಗೆ ವಾಪಸ್ಸು ಹೋಗಬೇಕು. ದಾರಿಯುದ್ದಕ್ಕೂ ನನಗೆ ಇದ್ದದ್ದು ಅದೊಂದೇ ಚಿಂತೆ.

ನಾನು ತಲುಪುವಷ್ಟರಲ್ಲಿ ಅವನು ಬಂದಾಗಿತ್ತು. ತಲೆಗೆ ಬೈಕಿನ ಹೆಲ್ಮೆಟ್, ಎಡಗೈಯಲ್ಲಿ ಎತ್ತಿ ಹಿಡಿದ ಫೋನು, ಬಲಗೈಯಲ್ಲಿ ಉದ್ದನೆಯ ಗಳ. ಮೊಣಕಾಲು ಬಗ್ಗಿಸಿ, ಒಂದೊಂದೇ ಹೆಜ್ಜೆ ಇಡುತ್ತಾ, ಅರ್ಧ ತೆರೆದ ಬಾಗಿಲಿಗೆ ನೇರವಾಗಿ ನಡೆದು ಹೋಗುತ್ತಿದ್ದ. ಆ ನಡಿಗೆಯನ್ನು ನಾನು ಟಿವಿಯಲ್ಲಿ ಕಂಡಿದ್ದೆ. ಬಾಗಿಲಿಗೂ ಅವನಿಗೂ ಹತ್ತು ಹೆಜ್ಜೆ.

ಕೂಗಿದರೆ ಕರಡಿ ಹೊರಗೆ ಬರುತ್ತದೆ. ಗೋಡೆಯ ಬದಿಯಿಂದ ಬಳಸಿ ಹೋಗಿ, ಹಿಂದಿನಿಂದ ಅವನ ಬೆಲ್ಟು ಹಿಡಿದುಕೊಂಡೆ.

"ಬಾಗಿಲಿಂದ ಈಚೆ ಬಾರೋ."

"ಭಾವ, ಬಿಡಿ. ಗಳದಲ್ಲಿ ಬಾಗಿಲು ನೂಕಿ ಚಿಲಕ ಹಾಕ್ಬಿಡ್ತೀನಿ. ಆಮೇಲೆ ಫಾರೆಸ್ಟಿನೋರಿಗೆ ಫೋನ್ ಮಾಡಿದ್ರಾಯ್ತು."

"ಬಾರೋ ಅಂದ್ರೆ."

"ಇನ್ನೂ ವಾರ್ನಿಂಗೇ ಕೊಟ್ಟಿಲ್ಲ ಭಾವ ಅದು."

"ಅದೇನು ನಿಮ್ ಆಫೀಸಿನ ಮ್ಯಾನೇಜರ್ರಾ, ವಾರ್ನಿಂಗ್ ಲೆಟರ್ ಕೊಡಕ್ಕೆ? ನಡಿಯೋ ನನ್ಮಗನೆ!"

ಮೂವತ್ತು ವರ್ಷ ಕಬ್ಬಿಣದ ಪೈಪು ಎಳೆದ ತೋಳು. ಬೆರಳು ಮೂರಿದ್ದರೂ ಸಾಕಾಯಿತು. ಚೀಲ ಎಳೆದ ಹಾಗೆ ಎಳೆದುಕೊಂಡು ಬಂದೆ. ಬಾಗಿಲಿನ ಎದುರು ಬಿಟ್ಟು, ಪಕ್ಕಕ್ಕಿದ್ದ ಸಿಮೆಂಟಿನ ನೀರಿನ ತೊಟ್ಟಿಯ ಹಿಂದೆ ಕೂರಿಸಿದೆ. ಬಾಗಿಲಿನಿಂದ ಬೆಟ್ಟದ ಬಂಡೆಗಳವರೆಗೆ ದಾರಿ ಖಾಲಿ ಮಾಡಿಸಿದೆ. ಪಕ್ಕದ ಹೊಲದವನು ತನ್ನ ಹಸುವನ್ನು ಹೊಡೆದುಕೊಂಡು ದೂರ ಹೋದ. ಅರಣ್ಯ ಇಲಾಖೆಗೆ ಫೋನು ಮಾಡಿದೆ. ಹತ್ತಿರ ಯಾರನ್ನೂ ಬಿಡಬೇಡಿ, ಬರುತ್ತಿದ್ದೇವೆ ಎಂದರು.

ಆಮೇಲೆ ಇದ್ದದ್ದು ಕಾಯುವ ಕೆಲಸ. ಮೋಟರ್ ಎತ್ತುವವನಿಗೆ ಅದು ಕಷ್ಟವಲ್ಲ, ಕರೆಂಟಿಗಾಗಿ ಅರ್ಧ ಆಯುಸ್ಸು ಕಾದಿದ್ದೇನೆ. ಬಾಮೈದನಿಗೆ ಹತ್ತು ನಿಮಿಷ ಕೂರಲಾಗಲಿಲ್ಲ.

"ಒಳಗಡೆ ಇಲ್ವೇನೋ ಭಾವ."

"ಇಲ್ದೇ ಇದ್ರೆ ಒಳ್ಳೇದು. ಕೂತ್ಕೋ."

"ಒಂದು ಕಲ್ಲು ಹಾಕಿ ನೋಡಣ?"

"ನೀನು ಕಕ್ಕಸಿನಾಗೆ ಕೂತಿರಬೇಕಾದ್ರೆ ಯಾರಾನ ತಗಡಿಗೆ ಕಲ್ಲು ಹೊಡುದ್ರೆ ಹೆಂಗಿರ್ತದೆ?"

"ಹೆಲ್ಮೆಟ್ ಹಾಕಿದೀನಲ್ಲ ಭಾವ."

"ಅದುಕ್ಕೆ ಹೆಲ್ಮೆಟ್ ಅಂದ್ರೆ ತೆಂಗಿನಕಾಯಿ ಚಿಪ್ಪು ಕಣಪ್ಪ. ಸುಮ್ಕಿರು."

ಗಂಟೆ ಒಂದಾಯಿತು, ಎರಡಾಯಿತು. ಬೆಟ್ಟ ಹತ್ತಿ ಇಳಿದು ಬಂದ ಪ್ರವಾಸಿಗರ ಗುಂಪೊಂದು ದಾರಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಂಡು ಹೋಯಿತು, ನಾವು ಯಾಕೆ ತೊಟ್ಟಿಯ ಹಿಂದೆ ಅವಿತಿದ್ದೇವೆ ಎಂದು ಕೇಳಲೂ ಇಲ್ಲ. ಇಲಾಖೆಯ ಜೀಪು ದೂರದಲ್ಲೇ ನಿಂತಿತು. ಅವರಲ್ಲೊಬ್ಬರು ನಡೆದು ಬಂದು, ನಾವು ಕೂತ ರೀತಿ ನೋಡಿ, ನಮ್ಮ ಪಕ್ಕದಲ್ಲೇ ಕೂತರು. ನನಗೆ ಅಷ್ಟೇ ಸರ್ಟಿಫಿಕೇಟು ಸಾಕಾಯಿತು.

ಹೊರಗೆ ಎಲ್ಲ ನಿಶ್ಶಬ್ದವಾದ ಮೇಲೆ ಕರಡಿ ಬಂತು. ಮೂಗು ಮೊದಲು ಕಂಡಿತು. ಎದ್ದು ನಿಲ್ಲಲಿಲ್ಲ, ಕೂಗಲಿಲ್ಲ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ದಾಟಿದ್ದು, ಬಾಮೈದ ಹೆಜ್ಜೆ ಊರಿದ್ದ ಮಣ್ಣಿನ ಮೇಲೇ ಹಾದದ್ದು, ಬಂಡೆಗಳ ಸಂದಿಗೆ ನುಗ್ಗಿದ್ದು, ಎಲ್ಲ ಮುಗಿದಾಗ ಅವನ ಫೋನು ಇನ್ನೂ ತೊಡೆಯ ಮೇಲಿತ್ತು. ಕರಡಿಯ ಬೆನ್ನಿನ ಮೇಲೆ ಒಂದು ಮರಿ ಕೂದಲು ಹಿಡಿದು ಅಂಟಿಕೊಂಡಿತ್ತು, ಹಿಂದೆಯೇ ಇನ್ನೊಂದು ಉರುಳಿಕೊಂಡು ಓಡಿತು.

ಅವನು ಹೆಲ್ಮೆಟ್ ತೆಗೆದ. ಮುಖವೆಲ್ಲ ಬೆವರು.

"ಭಾವ, ಮರಿ ಇತ್ತು."

"ಹೂಂ, ಇತ್ತು."

ಹೆಲ್ಮೆಟನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು ಹೇಳಿದ: "ಆಟದಲ್ಲಿ ಮರಿ ಇರಲ್ಲ ಭಾವ. ಎಲ್ಲೂ ಇರಲ್ಲ."

ಆಮೇಲೆ ನಾನು ಅದನ್ನು ಯೋಚಿಸಿದೆ. ಗಾಳಿ ಇಟ್ಟಿದ್ದಾರೆ, ಹಿಮ ಇಟ್ಟಿದ್ದಾರೆ, ನೆಲಕ್ಕೆ ಬಿದ್ದ ರಕ್ತ ಒಣಗುವುದನ್ನೂ ಇಟ್ಟಿದ್ದಾರೆ. ಕರಡಿಗೆ ಸಿಟ್ಟು ಇಟ್ಟಿದ್ದಾರೆ, ಅದನ್ನು ಏರಿಸಲು ಇಳಿಸಲು ತಿರುಪು ಇಟ್ಟಿದ್ದಾರೆ. ಸಿಟ್ಟಿನ ಕಾರಣ ಇಟ್ಟಿಲ್ಲ. ಮರಿ ಇಟ್ಟರೆ ಆಡುವವನು ಗುಂಡಿ ಒತ್ತುವುದಿಲ್ಲ, ಪೆಟ್ಟಿಗೆ ಮಾರಾಟವಾಗುವುದಿಲ್ಲ. ನಾಯಿಗೆ ಹೆದರಿ ಕತ್ತಲಲ್ಲಿ ಕೂತ ಕರಡಿಯನ್ನು ಇಟ್ಟರೆ ಹೊಡೆದವನಿಗೆ ನಾಚಿಕೆಯಾಗುತ್ತದೆ. ಆದ್ದರಿಂದ ಎಲ್ಲ ಕರಡಿಗಳೂ ಸಂಸಾರವಿಲ್ಲದ ರೌಡಿಗಳು. ಹಾಗೆ ಮಾಡಿ, ಮೇಲೆ ರಿಯಲಿಸ್ಟಿಕ್ ಎಂದು ಅಚ್ಚು ಹಾಕುತ್ತಾರೆ. ಮೋಟರಿಲ್ಲದ ಸ್ಟಾರ್ಟರನ್ನು ಗೋಡೆಗೆ ಹೊಡೆದು, ನೀರು ಬರುತ್ತದೆ ಎಂದು ನಾನು ಯಾವ ರೈತನಿಗೂ ಹೇಳಿದವನಲ್ಲ.

ಮಾರನೆಯ ದಿನ ಹೋಗಿ ಹುಳುಮನೆಯ ಬಾಗಿಲನ್ನು ಕೀಲಿನ ಸಮೇತ ಕಳಚಿ, ಒಳಗಿದ್ದ ಬಿದಿರನ್ನೆಲ್ಲ ಹೊರಗೆ ಎಳೆದು ಸುಟ್ಟೆ. ಬಾಮೈದ ರಜೆ ಹಾಕಿ ಬಂದು, ಆ ಬಿದಿರು ಹೊತ್ತ. ಕೆಲಸ ಬಾರದ ಕೈ, ಆದರೂ ಹೊತ್ತ. ಆಟ ಬಿಟ್ಟನೇ ಎಂದು ಕೇಳಬೇಡಿ. ಬಿಟ್ಟಿಲ್ಲ. ಜಾಸ್ತಿಯಲ್ಲಿದ್ದದ್ದನ್ನು ಕಡಿಮೆಗೆ ಇಳಿಸಿದ್ದಾನಂತೆ. ಕರಡಿಗೆ ಮಾಡಿದ ಉಪಕಾರ ಅಂದುಕೊಂಡಿದ್ದಾನೆ.

ಈಗ ನನ್ನಲ್ಲಿರುವುದು ಇಷ್ಟು: ಮೋಟರ್ ಎತ್ತುವ ಗಾಡಿ ಒಂದು, ಜೊತೆಗೆ ದುಡಿಯುವವರು ಇಬ್ಬರು, ಹೆಂಡತಿ ಒಬ್ಬಳು, ಬೆರಳು ಎಂಟು, ಬಾಮೈದ ಒಬ್ಬ.